ಗೇಟಿನೊಳಗಿದ್ದವರ ಪ್ರಯಾಣ ವೆಚ್ಚ

ಎಂ.ಎ. ಮುಗಿಸಿ ಪಿಎಚ್‌.ಡಿ.ಗೆ ಅರ್ಜಿ ಹಾಕಿ ಕಾಯುತ್ತಿದ್ದ ಬೇಸಿಗೆಯಲ್ಲಿ ಕೈಖರ್ಚಿಗೆಂದು ಒಂದು ಸಮೀಕ್ಷೆಯ ಕೆಲಸಕ್ಕೆ ಸೇರಿಕೊಂಡಿದ್ದೆ. ದಿನಕ್ಕಿಷ್ಟು ಎಂದು ಕೂಲಿ, ಮಧ್ಯಾಹ್ನದ ಊಟ ಅವರದೇ. ನಾಗರಹೊಳೆ ಕಾಡಿನ ಕಬಿನಿ ಹಿನ್ನೀರಿನ ಮಗ್ಗುಲಲ್ಲಿರುವ ಒಂದು ಸಫಾರಿ ಗೇಟಿನ ಎದುರು ನಿಂತು, ಕಾಡು ನೋಡಿಕೊಂಡು ಹೊರಬಂದವರಿಂದ ನಾಲ್ಕು ಪುಟದ ಫಾರಂ ತುಂಬಿಸಬೇಕು. ಎಲ್ಲಿಂದ ಬಂದಿರಿ, ಎಷ್ಟು ಕಿಲೋಮೀಟರು, ಯಾವ ವಾಹನ, ಪೆಟ್ರೋಲಿಗೆ ಎಷ್ಟಾಯಿತು, ಊಟ ವಸತಿಗೆ ಎಷ್ಟಾಯಿತು, ರಜೆ ಹಾಕಿ ಬಂದಿದ್ದರೆ ನಿಮ್ಮ ಒಂದು ದಿನದ ಸಂಬಳ ಎಷ್ಟು, ವರ್ಷಕ್ಕೆ ಎಷ್ಟು ಸಲ ಬರುತ್ತೀರಿ. ಕೊನೆಯ ಪ್ರಶ್ನೆ: ಪ್ರವೇಶ ಶುಲ್ಕ ಹೆಚ್ಚಾದರೂ ಬರುತ್ತೀರಾ?

ಎರಡೇ ದಿನಕ್ಕೆ ನನಗೊಂದು ವಿಷಯ ಗೊತ್ತಾಯಿತು. ಹುಲಿ ಕಂಡವರು ನಾಲ್ಕೂ ಪುಟ ತಾಳ್ಮೆಯಿಂದ ತುಂಬಿಸುತ್ತಾರೆ. ಫೋನಿನಲ್ಲಿ ಫೋಟೋ ತೋರಿಸುತ್ತಾರೆ, ಶುಲ್ಕ ದುಪ್ಪಟ್ಟಾದರೂ ಬರುತ್ತೇವೆ ಅನ್ನುತ್ತಾರೆ. ಕಾಣದವರು 'ಬರೀ ಜಿಂಕೆ ಕಣ್ರೀ' ಎಂದು ಕಾರು ಹತ್ತುತ್ತಾರೆ. ಆ ಬೇಸಿಗೆಯ ನನ್ನ ಅಂಕಿಅಂಶಗಳಲ್ಲಿ ಎಷ್ಟು ಪಾಲು ಹುಲಿಗಳ ಮರ್ಜಿ ಸೇರಿತ್ತೆಂಬುದನ್ನು ಯಾವ ವರದಿಯೂ ಹೇಳಲಿಲ್ಲ.

ಮೂರನೆಯ ದಿನವೋ ನಾಲ್ಕನೆಯ ದಿನವೋ, ರಸ್ತೆಬದಿಯ ಮೋರಿಕಟ್ಟೆಯ ಮೇಲೆ ಬೆಳಗಿನಿಂದ ಕುಳಿತಿದ್ದ ಒಬ್ಬ ಅಜ್ಜ ನನ್ನನ್ನು ಕರೆದರು. ಕೈಯಲ್ಲಿ ಒಂದು ಬಟ್ಟೆಯ ಚೀಲ. ಒಳಗೊಂದು ತೆಂಗಿನಕಾಯಿ ಇರುವುದು ಹೊರಗಿನಿಂದಲೇ ಕಾಣುತ್ತಿತ್ತು.

'ಅದೇನವ್ವಾ, ಎಲ್ಲಾರ್ ತಾವೂ ಕೇಳ್ಕೇಳ್ಕಂಡು ಬರೀತಿದ್ದೀಯಲ್ಲ?'

ಕಾಡು ನೋಡಲು ಬಂದವರ ಲೆಕ್ಕ ಅಜ್ಜ, ಅಂದೆ.

'ಹಂಗಾರೆ ನಂದೂ ಬರ್ಕೊ.'

ಬರೆದುಕೊಂಡೆ. ಹುಣಸೂರು ಕಡೆಯ ಒಂದು ಪುನರ್ವಸತಿ ಕಾಲೊನಿಯಿಂದ ಬಂದಿದ್ದರು. ಎರಡು ಬಸ್ಸು ಬದಲಿಸಿ, ಉಳಿದ ದಾರಿ ನಡೆದು. ಬಸ್ ಚಾರ್ಜು, ಕಾಯಿ, ಕರ್ಪೂರ, ಎಲೆ ಅಡಿಕೆ, ಇಷ್ಟು ಖರ್ಚು. ಅವತ್ತಿನ ಕೂಲಿ ಹೋಯಿತು. ವರ್ಷಕ್ಕೆ ಒಂದು ಸಲ ಬರುತ್ತಾರೆ. 'ಭೇಟಿಯ ಉದ್ದೇಶ' ಎಂಬ ಕಾಲಂಗೆ ಬಂದಾಗ ನಿಂತೆ. ಅಲ್ಲಿ ಐದು ಆಯ್ಕೆಗಳಿದ್ದವು: ವನ್ಯಜೀವಿ ವೀಕ್ಷಣೆ, ಛಾಯಾಗ್ರಹಣ, ಕುಟುಂಬದೊಂದಿಗೆ ವಿಹಾರ, ಶೈಕ್ಷಣಿಕ, ಇತರೆ. ಯಾಕೆ ಬಂದಿರಿ ಅಜ್ಜ ಎಂದು ಕೇಳಿದೆ. 'ನಮ್ಮ ಹಾಡಿ ಒಳಗೇ ಇತ್ತಲ್ಲವ್ವಾ, ದೇವ್ರು ಅಲ್ಲೇ ಅದೆ' ಅಂದರು. 'ಇತರೆ' ಎಂಬುದಕ್ಕೆ ಗುರುತು ಹಾಕಿದೆ. ಸ್ವಲ್ಪ ಹೊತ್ತಿಗೆ ಗೇಟಿನ ವಾಚರ್ ಹುಡುಗ ಊಟ ಮುಗಿಸಿ ಬಂದ. ಅವನೂ ಜೇನುಕುರುಬರ ಹುಡುಗನೇ, ಅಜ್ಜನಿಗೆ ಏನೋ ನಂಟು. ಇಬ್ಬರೂ ತಮ್ಮ ನುಡಿಯಲ್ಲಿ ಮಾತಾಡಿಕೊಂಡು ಒಳಗೆ ಹೋದರು.

ಸಂಜೆ ಫಾರಂಗಳನ್ನು ಪರಿಶೀಲಿಸಿದ ಮೇಲ್ವಿಚಾರಕರು ಅದೊಂದನ್ನು ಪಕ್ಕಕ್ಕೆ ತೆಗೆದಿಟ್ಟರು. ಇವರು ವಿಸಿಟರ್ ಅಲ್ಲ, ಸ್ಥಳೀಯರು, ಸ್ಯಾಂಪಲ್ಲಿಗೆ ಬರುವುದಿಲ್ಲ ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಸಮೀಕ್ಷೆಯ ನಿಯಮ ಹಾಗೇ ಇತ್ತು. ನಾನೂ ವಾದಿಸಲಿಲ್ಲ. ಆ ಫಾರಂ ಮಾತ್ರ ನನ್ನ ಬ್ಯಾಗಿನಲ್ಲೇ ಉಳಿಯಿತು. ಕ್ರಮಸಂಖ್ಯೆ 113.

ಆಮೇಲೆ ನಾನು ಇತಿಹಾಸದಲ್ಲಿ ಸಂಶೋಧನೆಗೆ ಸೇರಿದೆ. ಮೈಸೂರು ಸೀಮೆಯ ಕಾಡುಗಳು ನೋಡುವ ಜಾಗಗಳಾಗಿ ಬದಲಾದದ್ದು ಹೇಗೆ ಎಂಬುದು, ಸ್ಥೂಲವಾಗಿ, ನನ್ನ ವಿಷಯ. ಎರಡನೆಯ ವರ್ಷದಲ್ಲಿ ಓದುತ್ತ ಓದುತ್ತ, ಗೇಟಿನಲ್ಲಿ ನಾನು ಕೇಳಿದ ಪ್ರಶ್ನೆಗಳು ಮೊದಲು ಯಾರ ತಲೆಗೆ ಹೊಳೆದವು ಎಂಬುದು ಸಿಕ್ಕಿತು. ಅದು ಒಂದು ಕಾಗದ. ತಾರೀಖು 1947ರ ಜೂನ್ 18. ಬರೆದವರು ಹೆರಾಲ್ಡ್ ಹೋಟೆಲಿಂಗ್, ಅಮೆರಿಕದ ದೊಡ್ಡ ಸಂಖ್ಯಾಶಾಸ್ತ್ರಜ್ಞ. ಅಲ್ಲಿನ ರಾಷ್ಟ್ರೀಯ ಉದ್ಯಾನಗಳ ಇಲಾಖೆ ಕೆಲವು ಅರ್ಥಶಾಸ್ತ್ರಜ್ಞರಿಗೆ ಒಂದು ಪ್ರಶ್ನೆ ಕಳಿಸಿತ್ತು: ನಮ್ಮ ಉದ್ಯಾನಗಳ ಬೆಲೆಯನ್ನು ಹಣದಲ್ಲಿ ಹೇಳುವುದು ಹೇಗೆ? ಪ್ರಶ್ನೆಯ ಹಿಂದೆ ಒಂದು ಸಂಕಟವಿತ್ತು. ಅಣೆಕಟ್ಟು ಕಟ್ಟುವವರು, ಮರ ಕಡಿಯುವವರು, ಗಣಿ ತೋಡುವವರು ಎಲ್ಲರೂ ಇಷ್ಟು ಡಾಲರ್ ಲಾಭ ಎಂದು ಅಂಕಿ ಹಿಡಿದು ಬರುತ್ತಿದ್ದರು. ಕಾಡು ಕಾಯುವವರ ಕೈಯಲ್ಲಿ ಅಂಕಿ ಇರಲಿಲ್ಲ. ಟಿಕೆಟ್ಟಿನ ಹಣ ಅಷ್ಟಿಷ್ಟು. ಅದನ್ನೇ ಬೆಲೆ ಎಂದರೆ ಕಾಡು ಒಂದೇ ದಿನಕ್ಕೆ ಮಾರಿಹೋಗುತ್ತದೆ.

ಹೋಟೆಲಿಂಗ್ ಕೊಟ್ಟ ಉಪಾಯ ಸರಳ, ಜಾಣತನದ್ದು. ಉದ್ಯಾನದ ಸುತ್ತ ಒಂದರಾಚೆ ಒಂದು ವಲಯಗಳನ್ನು ಎಳೆಯಿರಿ. ಒಂದೊಂದು ವಲಯದಿಂದ ಬಂದು ಹೋಗಲು ತಗಲುವ ಖರ್ಚು ಹೆಚ್ಚುಕಡಿಮೆ ಒಂದೇ ಇರಬೇಕು. ಯಾವ ವಲಯದಿಂದ ಎಷ್ಟು ಜನ ಬಂದರು ಎಂದು ಎಣಿಸಿ. ದೂರದವರು ಕಡಿಮೆ ಬರುತ್ತಾರೆ, ಹತ್ತಿರದವರು ಹೆಚ್ಚು. ದೂರ ಹೆಚ್ಚಿದಂತೆ ಜನ ಎಷ್ಟು ಕಡಿಮೆಯಾಗುತ್ತಾರೆ ಎಂಬುದನ್ನು ಗೆರೆಯಾಗಿ ಎಳೆದರೆ ಅದೇ ಆ ಜಾಗಕ್ಕಿರುವ ಬೇಡಿಕೆಯ ಗೆರೆ. ನಮ್ಮ ಕಡೆಯ ಉದಾಹರಣೆ ಹೇಳುವುದಾದರೆ, ಮುಂಬಯಿಯಿಂದ ಕಬಿನಿಗೆ ಬಂದವರೂ ಮೈಸೂರಿನಿಂದ ಬಂದವರೂ ನೋಡುವುದು ಅದೇ ಹೊಳೆ, ಅದೇ ಆನೆ. ಮುಂಬಯಿಯವರು ಅಷ್ಟು ಖರ್ಚು ಮಾಡಿ ಬರುತ್ತಾರೆಂದ ಮೇಲೆ, ಮೈಸೂರಿನವರಲ್ಲೂ ಕೆಲವರಾದರೂ ಅಷ್ಟೇ ಖರ್ಚಿಗೆ ಸಿದ್ಧರಿದ್ದರು, ಊರು ಹತ್ತಿರವಿದ್ದದ್ದರಿಂದ ಹಣ ಉಳಿಯಿತು ಎಂದು ಊಹಿಸಬಹುದು. ಹೀಗೆ ಕೊಡಲು ಸಿದ್ಧವಿದ್ದೂ ಕೊಡಬೇಕಾಗಿ ಬಾರದ ಹಣವನ್ನೆಲ್ಲ ಕೂಡಿದರೆ, ಕಾಡು ಜನರಿಗೆ ಮಾಡಿದ ಉಪಕಾರದ ಮೊತ್ತ ಸಿಗುತ್ತದೆ.

ಇಲಾಖೆಯ 1949ರ ವರದಿಯಲ್ಲಿ ಈ ಕಾಗದ ಅಚ್ಚಾಯಿತು, ಆದರೆ ಉಪಾಯವನ್ನು ಒಪ್ಪಲಿಲ್ಲ. ಹತ್ತು ವರ್ಷಗಳ ಮೇಲೆ, 1959ರಲ್ಲಿ, ಮೇರಿಯನ್ ಕ್ಲಾಸನ್ ಎಂಬ ಅರ್ಥಶಾಸ್ತ್ರಜ್ಞ ಅದನ್ನು ಎತ್ತಿಕೊಂಡು ಬಳಸಿ ತೋರಿಸಿದ ಮೇಲೆ ಅದು ಜಗತ್ತಿಗೆಲ್ಲ ಹಬ್ಬಿತು. 'ಪ್ರಯಾಣ ವೆಚ್ಚ ವಿಧಾನ' ಎಂದು ಇಂದು ಪಠ್ಯಪುಸ್ತಕಗಳಲ್ಲಿ ಓದುವುದು ಇದನ್ನೇ. ಭಾರತದಲ್ಲಿ ಭರತಪುರದ ಪಕ್ಷಿಧಾಮದಿಂದ ಹಿಡಿದು ಹಲವು ಕಡೆ ಬಳಕೆಯಾಗಿದೆ.

ಈ ಉಪಾಯವನ್ನು ಕಡೆಗಣಿಸಿ ಮಾತಾಡುವುದು ನನಗೆ ಇಷ್ಟವಿಲ್ಲ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಅದನ್ನು ತೆಗೆಯಿರಿ ಎನ್ನುವವರು ಸರಕು ಸಾಗಣೆಗೆ ಆಗುವ ನಷ್ಟದ ಮಾತಾಡುತ್ತಾರೆ. ಅವರೆದುರು ಕಾಡಿನ ಪರವಾಗಿ ಇಡಲು ಒಂದು ಅಂಕಿ ಬೇಕೇ ಬೇಕು ಎಂಬ ಸ್ಥಿತಿ ಇಂದಿಗೂ ಇದೆ. ಹೋಟೆಲಿಂಗ್ ಕಾಡಿನ ಶತ್ರುವಲ್ಲ, ವಕೀಲ.

ಆದರೆ ವಕೀಲರು ತಮ್ಮ ಕಕ್ಷಿದಾರನನ್ನು ಎಲ್ಲಿಂದ ನೋಡುತ್ತಿದ್ದರು? ಅವರ ವಲಯಗಳು ಶುರುವಾಗುವುದು ಉದ್ಯಾನದ ಗಡಿಯ ಹೊರಗಿನಿಂದ. ಒಳಗೆ ಯಾರೂ ಇಲ್ಲ. ಇದು ಅವರ ಮರೆವಲ್ಲ. ನಿಜಕ್ಕೂ ಯಾರೂ ಇರಲಿಲ್ಲ. ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನವೆನಿಸಿದ ಯೆಲ್ಲೋಸ್ಟೋನ್ ಘೋಷಣೆಯಾದದ್ದು 1872ರಲ್ಲಿ. ತಲೆಮಾರುಗಳಿಂದ ಆ ಬೆಟ್ಟಗಳಲ್ಲಿ ಬದುಕಿದ್ದ ಶೋಶೋನಿ ಜನರನ್ನು ಆಮೇಲಿನ ಕೆಲವೇ ವರ್ಷಗಳಲ್ಲಿ ಹೊರಕ್ಕೆ ಕಳಿಸಲಾಯಿತು. ಹೋಟೆಲಿಂಗ್ ಕಾಗದ ಬರೆಯುವ ಹೊತ್ತಿಗೆ ಅಮೆರಿಕದ ಉದ್ಯಾನವೆಂದರೆ ಹೊರಗಿನವರು ಬಂದು ನೋಡಿ ಹೋಗುವ ಜಾಗ ಎಂಬುದು ಪ್ರಶ್ನೆಯೇ ಅಲ್ಲದ ಸಂಗತಿಯಾಗಿತ್ತು. ಖಾಲಿಯಾದ ಕಾಡಿಗಾಗಿ ಹೊಲಿದ ಅಂಗಿ ಅದು. ನಾಗರಹೊಳೆಗೆ ಅದನ್ನು ತಂದು ಅಳತೆ ನೋಡಿದಾಗ ಕಾಡಿನಲ್ಲಿ ಇನ್ನೂ ಜನ ಇದ್ದರು.

ಇದ್ದರು ಎಂದರೆ ಸುಮ್ಮನೆ ಇದ್ದವರಲ್ಲ. ಕಬಿನಿಯನ್ನು ನೋಡುವ ಜಾಗವಾಗಿ ಮಾಡಿದ ಕೈಗಳಲ್ಲಿ ಅವರ ಕೈಯೇ ಮೊದಲನೆಯದು. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಜಾರ್ಜ್ ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಯುವಕ ಮೈಸೂರು ಸರ್ಕಾರದ ನೀರಾವರಿ ಇಲಾಖೆಯಲ್ಲಿ ನೌಕರಿಗಿದ್ದ. ಆನೆ ಹಿಂಡುಗಳು ಬೆಳೆ ಹಾಳು ಮಾಡುತ್ತವೆ, ಅವನ್ನು ಹಿಡಿದು ಪಳಗಿಸಿದರೆ ರೈತರಿಗೂ ಸರ್ಕಾರಕ್ಕೂ ಲಾಭ ಎಂದು 1873ರಲ್ಲಿ ಸರ್ಕಾರವನ್ನು ಒಪ್ಪಿಸಿದ. ಮೊದಲ ಯತ್ನ ಕೈಗೂಡಲಿಲ್ಲ. ಮರುವರ್ಷ ಜೂನ್‌ನಲ್ಲಿ ಚಾಮರಾಜನಗರದ ಬಳಿ ಒಂದೇ ಸಲಕ್ಕೆ 55 ಆನೆಗಳು ಖೆಡ್ಡಾದೊಳಗೆ ಬಿದ್ದವು. ಸ್ಯಾಂಡರ್ಸನ್ 1878ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಸ್ವಾರಸ್ಯದ ಸಂಗತಿ ಇದೆ. ನೂರು ವರ್ಷ ಹಿಂದೆ ಹೈದರಾಲಿ ಕಾಕನಕೋಟೆಯ ಕಾಡಿನಲ್ಲಿ ಇದೇ ಪ್ರಯತ್ನ ಮಾಡಿ ಸೋತು, ಇದು ಯಾರಿಂದಲೂ ಆಗದು, ಮಾಡಹೋದವರಿಗೆ ಶಾಪ ತಟ್ಟಲಿ ಎಂದು ಕಲ್ಲಿನಲ್ಲಿ ಬರೆಸಿದ್ದನಂತೆ. ಶಾಪ ತಟ್ಟಿತೋ ಇಲ್ಲವೋ, ಖೆಡ್ಡಾ ಮಾತ್ರ ಕಾಕನಕೋಟೆಗೇ ಬಂದು ನೆಲೆಯಾಯಿತು.

ಬೆಳೆ ಉಳಿಸಲೆಂದು ಶುರುವಾದದ್ದು ಬೇಗನೆ ಬೇರೆಯೇ ಆಯಿತು. 1889ರಲ್ಲಿ ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಮೈಸೂರಿಗೆ ಬಂದಾಗ ಖೆಡ್ಡಾ ನಡೆಯಿತು. 1906ರಲ್ಲಿ, ಮುಂದೆ ಐದನೆಯ ಜಾರ್ಜ್ ಆಗಲಿದ್ದ ಯುವರಾಜ ಬಂದಾಗಲೂ ಕಾಕನಕೋಟೆಯಲ್ಲಿ ಖೆಡ್ಡಾ. ದೊಡ್ಡವರು ಬಂದರೆಂದರೆ ದಸರಾದಂತೆ ಇದೂ ಮೈಸೂರಿನ ಆತಿಥ್ಯದ ಒಂದು ಬಾಬತ್ತಾಯಿತು. ಗುಡಾರಗಳ ಊರು ಏಳುತ್ತಿತ್ತು, ಹಿಂಡನ್ನು ಕಬಿನಿ ಹೊಳೆಗೆ ಇಳಿಸಿ ದಾಟಿಸುವುದನ್ನು ಅತಿಥಿಗಳು ಕುಳಿತು ನೋಡುತ್ತಿದ್ದರು. ವಾರಗಟ್ಟಲೆ ಹಿಂಡಿನ ಜಾಡು ಹಿಡಿದು, ಬೆಂಕಿ ಹಾಕಿ ಕಾದು, ಆನೆಗಳನ್ನು ಹೊಳೆಯವರೆಗೆ ತಂದು ನಿಲ್ಲಿಸಿದವರು ಕುರುಬರು. ಹಿಡಿದ ಆನೆಯ ಕುತ್ತಿಗೆ ಮೇಲೆ ಕುಳಿತವರಲ್ಲೂ ಅವರಿದ್ದರು. ಹಳೆಯ ಖೆಡ್ಡಾ ಫೋಟೋಗಳಲ್ಲಿ ಬಿಳಿಯ ಅತಿಥಿಗಳ ಹೆಸರುಗಳು ಸಾಲಾಗಿ ಇರುತ್ತವೆ. ಆನೆಯ ಪಕ್ಕ ನಿಂತವರ ಹೆಸರು ನಾನು ನೋಡಿದ ಒಂದರಲ್ಲೂ ಇಲ್ಲ.

ಅಲ್ಲಿಂದ ಹೆಸರು ಗಳಿಸಿ ಹೊರಟವನು ಒಬ್ಬನಿದ್ದಾನೆ. ಕಾರಾಪುರದ ಮಾವುತನ ಮಗ ಸಾಬು. 1924ರಲ್ಲಿ ಹುಟ್ಟಿದವನು. ಕಿಪ್ಲಿಂಗನ ಕಥೆಯೊಂದನ್ನು ಸಿನಿಮಾ ಮಾಡಲು ಬಂದ ಲಂಡನ್ನಿನ ತಂಡದ ಕಣ್ಣಿಗೆ ಬಿದ್ದು, 1937ರಲ್ಲಿ ತೆರೆಕಂಡ 'ಎಲಿಫೆಂಟ್ ಬಾಯ್' ಚಿತ್ರದ ನಾಯಕನಾದ, ಆಮೇಲೆ ಹಾಲಿವುಡ್ಡಿಗೂ ಹೋದ. ಮೈಸೂರಿನ ಕಾಡು ಮತ್ತು ಖೆಡ್ಡಾ, ಅದನ್ನು ಎಂದೂ ನೋಡಲು ಬರಲಾರದ ಲಕ್ಷಾಂತರ ಜನರ ಕಣ್ಣಮುಂದೆ ಹೀಗೆ ಓಡಾಡಿತು. ಬೇಡಿಕೆ ಎಂಬುದು ಇಂಥ ಕಡೆಗಳಲ್ಲಿ ಹುಟ್ಟುತ್ತದೆ. ಗೇಟಿನಲ್ಲಿ ಫಾರಂ ಹಿಡಿದು ನಿಂತವರಿಗೆ ಸಿಗುವುದು ಅದರ ಕೊನೆಯ ತುದಿ. ನಾನು ನಿಂತಿದ್ದ ಬೇಸಿಗೆಯಲ್ಲಿ ಅರ್ಧಕ್ಕರ್ಧ ಮಂದಿ ಬಂದದ್ದು ಫೋನುಗಳಲ್ಲಿ ಹರಿದಾಡಿದ ಒಂದು ಕರಿ ಚಿರತೆಯ ಫೋಟೋ ನೋಡಿ.

ಅದೇ ದಶಕದಲ್ಲಿ ಕನ್ನಡದಲ್ಲಿ ಕಾಕನಕೋಟೆಯನ್ನು ಬೇರೆ ಕಡೆಯಿಂದ ನೋಡಿದವರೂ ಇದ್ದರು. ಮಾಸ್ತಿಯವರ 'ಕಾಕನಕೋಟೆ' ನಾಟಕದ ನಾಯಕ ಕಾಚ, ಕಾಡುಕುರುಬರವನು. ಹೆಗ್ಗಡದೇವನ ಕೋಟೆಯ ಹೆಗ್ಗಡೆಯ ಕಂದಾಯದ ಕಾಟಕ್ಕೆ ಸಿಕ್ಕ ಕಾಡಿನ ಜನ, ರಣಧೀರ ಕಂಠೀರವನ ಆಳ್ವಿಕೆಯ ಕಾಲ. ಸಿ.ಆರ್. ಸಿಂಹ ಅದನ್ನು ಸಿನಿಮಾ ಮಾಡಿದ್ದು 1970ರ ದಶಕದಲ್ಲಿ. ನನ್ನ ವಿಷಯಕ್ಕೆ ನಾಟಕ ಮುಖ್ಯವಾಗುವುದು ಒಂದು ಸಣ್ಣ ಕಾರಣಕ್ಕೆ. ಅದರಲ್ಲಿ ಕಾಡಿನೊಳಗಿರುವವರು ಎಣಿಕೆಗೆ ಸಿಗುವುದು ತೆರಿಗೆ ಕೊಡಬೇಕಾದವರಾಗಿ. ಖೆಡ್ಡಾದ ಕಾಲದಲ್ಲಿ ಕೂಲಿಯವರಾಗಿ ಸಿಕ್ಕರು. ನಮ್ಮ ಕಾಲದಲ್ಲಿ ಅವರು ಯಾವ ಕಾಲಂನಲ್ಲೂ ಸಿಗದೆ ಹೋದರು.

ಅದು ಆದದ್ದು ಬಹಳ ಕಡಿಮೆ ಅವಧಿಯಲ್ಲಿ. ಕಾಕನಕೋಟೆಯ ಕೊನೆಯ ಖೆಡ್ಡಾ 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು, ಹಳೆಯ ಖೆಡ್ಡಾ ಬಯಲು ನೀರಿನಡಿ ಹೋಯಿತು. ಅದರ ಜೊತೆಗೆ ಊರುಗಳು, ಹಾಡಿಗಳು, ಕಾಡು. ಇಂದು ಕಬಿನಿಗೆ ಬರುವವರು ನೋಡಲು ಹಾತೊರೆಯುವ ದೃಶ್ಯ, ಬೇಸಿಗೆಯಲ್ಲಿ ಹಿನ್ನೀರು ಇಳಿದು, ಆ ಕೆಸರು ನೆಲದಲ್ಲಿ ಹಸಿರು ಹುಲ್ಲು ಚಿಗುರಿ, ಸುತ್ತಲಿನ ಕಾಡುಗಳಿಂದ ನೂರಾರು ಆನೆಗಳು ಬಂದು ಸೇರುವುದು, ಅನಾದಿಯಿಂದ ಇದ್ದದ್ದಲ್ಲ. ಅದಕ್ಕೆ ಇನ್ನೂ ಅರವತ್ತು ವರ್ಷವೂ ತುಂಬಿಲ್ಲ. 'ಅಸ್ಪೃಶ್ಯ ಪ್ರಕೃತಿ' ಎಂದು ಫಾರಂನಲ್ಲಿ ಬರೆದುಕೊಟ್ಟ ಪ್ರವಾಸಿಯೊಬ್ಬರ ಸಾಲು ನನಗೆ ಈಗಲೂ ನೆನಪಿದೆ. ಅವರು ಬೆರಳು ತೋರಿಸಿದ್ದು ನೀರಾವರಿ ಇಲಾಖೆಯ ಜಲಾಶಯದ ಕಡೆಗೆ.

ಹಾಗೆಂದು ಆ ದೃಶ್ಯ ಕಡಿಮೆ ಸುಂದರವಲ್ಲ. ಸಮೀಕ್ಷೆಯ ಕೊನೆಯ ದಿನ ನಮ್ಮನ್ನೂ ಜೀಪಿನಲ್ಲಿ ಒಳಗೆ ಕರೆದೊಯ್ದಿದ್ದರು. ಸಂಜೆಯ ಬಿಸಿಲಿನಲ್ಲಿ ಮರಿಗಳನ್ನು ನಡುವೆ ಹಾಕಿಕೊಂಡು ನೀರಿಗಿಳಿದ ಹಿಂಡನ್ನು ನೋಡುತ್ತ ನಾನು ಫಾರಂ, ಅಜ್ಜ, ಕೂಲಿ ಎಲ್ಲವನ್ನೂ ಮರೆತಿದ್ದೆ. ಶುಲ್ಕ ಹೆಚ್ಚಾದರೂ ಬರುತ್ತೀರಾ ಎಂದು ಆಗ ಯಾರಾದರೂ ಕೇಳಿದ್ದರೆ ಹೌದು ಅನ್ನುತ್ತಿದ್ದೆ.

1980ರಲ್ಲಿ ಕರ್ನಾಟಕ ಸರ್ಕಾರ ಜಂಗಲ್ ಲಾಡ್ಜಸ್ ಸಂಸ್ಥೆಯನ್ನು ಕಟ್ಟಿತು, ನೇಪಾಳದ ಚಿತ್ವನ್‌ನಲ್ಲಿ ಹೆಸರಾಗಿದ್ದ ಟೈಗರ್ ಟಾಪ್ಸ್ ಜೊತೆ ಸೇರಿ. ಮುಂದೆ ಅದು ಪೂರ್ತಿ ಸರ್ಕಾರದ್ದಾಯಿತು. ಕಾರಾಪುರದಲ್ಲಿ ಮಹಾರಾಜರ ಬೇಟೆಯ ಬಂಗಲೆಯಿದ್ದ ಜಾಗವೇ ವಸತಿಗೃಹವಾಯಿತು. ಅದನ್ನು ಬೆಳೆಸಿದ ಕರ್ನಲ್ ಜಾನ್ ವೇಕ್‌ಫೀಲ್ಡ್ ಒಂದು ಕಾಲದ ಬೇಟೆಗಾರ. ಕೋವಿಯ ಜಾಗಕ್ಕೆ ಕ್ಯಾಮೆರಾ ಬಂತು ಎಂದು ಎಲ್ಲರೂ ಬರೆಯುವುದು ಇದನ್ನೇ. ಅದು ನಿಜ. ಬಂಗಲೆ, ಹೊಳೆದಂಡೆ, ಮುಂಜಾನೆ ಒಂದು ಸುತ್ತು ಸಂಜೆ ಒಂದು ಸುತ್ತು, ಜಾಡು ತೋರಿಸಲು ಸ್ಥಳೀಯ, ಇವೆಲ್ಲ ಹಾಗೇ ಉಳಿದವು ಎಂಬುದೂ ನಿಜ. ಅಂದಹಾಗೆ, 'ಇಕೋಟೂರಿಸಂ' ಎಂಬ ಪದವನ್ನು ಮೆಕ್ಸಿಕೊದ ವಾಸ್ತುಶಿಲ್ಪಿ ಹೆಕ್ಟರ್ ಸೆಬಲೋಸ್ ಲಾಸ್ಕುರೈನ್ ಬಳಕೆಗೆ ತಂದದ್ದು 1983ರಲ್ಲಿ. ಕಬಿನಿಯಲ್ಲಿ ಕೆಲಸ ಮೊದಲು ಶುರುವಾಗಿ ಹೆಸರು ಆಮೇಲೆ ಬಂತು.

ವನ್ಯಜೀವಿ ಕಾಯ್ದೆಯ 28ನೆಯ ಕಲಮನ್ನು ಒಮ್ಮೆ ತೆಗೆದು ನೋಡಿ. ಅಭಯಾರಣ್ಯದೊಳಗೆ ಹೋಗಲು ಯಾವ ಯಾವ ಉದ್ದೇಶಕ್ಕೆ ಪರವಾನಗಿ ಕೊಡಬಹುದು ಎಂಬ ಪಟ್ಟಿ ಅಲ್ಲಿದೆ. ವನ್ಯಜೀವಿಗಳ ಅಧ್ಯಯನ, ಛಾಯಾಗ್ರಹಣ, ವೈಜ್ಞಾನಿಕ ಸಂಶೋಧನೆ, ಪ್ರವಾಸ, ಒಳಗೆ ವಾಸಿಸುವವರೊಂದಿಗಿನ ಕಾನೂನುಬದ್ಧ ವ್ಯವಹಾರ. ನನ್ನ ಫಾರಂನ ಆಯ್ಕೆಗಳು ಎಲ್ಲಿಂದ ಬಂದಿದ್ದವು ಎಂದು ಇದನ್ನು ಓದಿದಾಗ ಹೊಳೆಯಿತು. ಒಳಗೇ ವಾಸಿಸುವವರಿಗೆ ಕಾಯ್ದೆ ಬೇರೆಡೆ ಜಾಗ ಕೊಡುತ್ತದೆ. ಒಳಗಿದ್ದು ಹೊರಬಂದು ಮತ್ತೆ ಒಂದು ದಿನದ ಮಟ್ಟಿಗೆ ಒಳಹೋಗಬೇಕೆನ್ನುವವರು ಪಟ್ಟಿಯಲ್ಲಿಲ್ಲ. ಪಟ್ಟಿಯ ಪ್ರಕಾರ ನಡೆದರೆ ಅಜ್ಜ ತಮ್ಮ ದೇವರ ಹತ್ತಿರ ಪ್ರವಾಸಿಯಾಗಿ ಹೋಗಬೇಕು. ಸಮೀಕ್ಷೆಯ ಪ್ರಕಾರ ಅವರು ಪ್ರವಾಸಿಯೂ ಅಲ್ಲ.

ನಾಗರಹೊಳೆಯ ವಿಷಯದಲ್ಲಿ ಈ ಎಣಿಕೆ ನ್ಯಾಯಾಲಯದವರೆಗೂ ಹೋದದ್ದುಂಟು. 1990ರ ದಶಕದಲ್ಲಿ ಕಾಡಿನೊಳಗಿನ ಮೂರ್ಕಲ್ ಎಂಬಲ್ಲಿನ ಕಟ್ಟಡಗಳನ್ನು ಸರ್ಕಾರ ಒಂದು ದೊಡ್ಡ ಹೋಟೆಲ್ ಸಮೂಹಕ್ಕೆ ಗುತ್ತಿಗೆಗೆ ಕೊಟ್ಟಿತು. ಪರಿಸರಕ್ಕೆ ಹೊಂದುವ ವಿಹಾರಧಾಮ ಎಂಬ ಮಾತು ಆಗಲೇ ಚಾಲ್ತಿಗೆ ಬಂದಿತ್ತು. ಇತ್ತ ಹಾಡಿಗಳ ಜನರಿಗೆ, ನೀವು ಕಾಡಿನಲ್ಲಿರುವುದು ಪ್ರಾಣಿಗಳಿಗೆ ತೊಂದರೆ, ಹೊರಗೆ ಮನೆ ಕಟ್ಟಿಕೊಡುತ್ತೇವೆ ಎಂದು ಹೇಳಲಾಗುತ್ತಿತ್ತು. ಜೇನುಕುರುಬರು, ಬೆಟ್ಟಕುರುಬರು, ಯರವರು ಸಂಘಟಿತರಾಗಿ ಕಾಮಗಾರಿಯ ವಿರುದ್ಧ ಧರಣಿ ಕುಳಿತರು. ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ ಹೈಕೋರ್ಟಿಗೆ ಹೋಯಿತು. 1997ರ ಜನವರಿಯಲ್ಲಿ ತೀರ್ಪು ಬಂದು ಗುತ್ತಿಗೆ ಬಿದ್ದುಹೋಯಿತು. ಗೆದ್ದವರು ಆದಿವಾಸಿಗಳು. ಆದರೆ ತೀರ್ಪು ಮುಖ್ಯವಾಗಿ ನಿಂತದ್ದು 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಮೇಲೆ, ಕೇಂದ್ರದ ಪೂರ್ವಾನುಮತಿ ಇಲ್ಲದೆ ಅರಣ್ಯಭೂಮಿಯನ್ನು ಬೇರೆ ಕೆಲಸಕ್ಕೆ ಕೊಡುವಂತಿಲ್ಲ ಎಂಬ ಅಂಶದ ಮೇಲೆ. ಕಾಡು ಗೆದ್ದಿತು. ಕಾಡಿನಲ್ಲಿರುವವರ ಪ್ರಶ್ನೆಗೆ ಪ್ರತ್ಯೇಕ ಉತ್ತರ ಬರಲು 2006ರ ಅರಣ್ಯ ಹಕ್ಕು ಕಾಯ್ದೆಯವರೆಗೆ ಕಾಯಬೇಕಾಯಿತು. ಅದೂ ಕಾಗದದ ಮೇಲೆ. ಅಷ್ಟರಲ್ಲಿ ಎಷ್ಟೋ ಕುಟುಂಬಗಳು ಕಾಲೊನಿಗಳಿಗೆ ಬಂದಾಗಿತ್ತು.

ಹೋಗಲು ಒಪ್ಪಿ ಹೋದವರೂ ಇದ್ದಾರೆ. ಶಾಲೆ, ಆಸ್ಪತ್ರೆ, ಕರೆಂಟು ಬೇಕೆಂದು, ಆನೆಯ ಕಾಟ ಸಾಕೆಂದು ಹೊರಬಂದ ಕುಟುಂಬಗಳನ್ನು ನಾನೇ ಮಾತಾಡಿಸಿದ್ದೇನೆ. ವಾಚರ್ ಹುಡುಗನ ತಾಯಿ, ಮತ್ತೆ ಒಳಗೆ ಹೋಗು ಎಂದರೆ ಹೋಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ಕಾಡಿನವರೆಲ್ಲ ಕಾಡಿಗಾಗಿ ಹಂಬಲಿಸುತ್ತಾರೆ ಎಂದು ಬರೆಯುವುದು ನಮ್ಮಂಥವರಿಗೆ ಹಿತವಾದ ಸುಳ್ಳು. ಆದರೆ 2025ರ ಮೇ ತಿಂಗಳಲ್ಲಿ ಐವತ್ತಕ್ಕೂ ಹೆಚ್ಚು ಜೇನುಕುರುಬ ಕುಟುಂಬಗಳು ನಾಗರಹೊಳೆಯ ತಮ್ಮ ಹಳೆಯ ಹಾಡಿ ಕರಡಿಕಲ್ಲಿಗೆ ಮರಳಿ ಬಂದು ಕುಳಿತದ್ದೂ ನಡೆದಿದೆ. ಎರಡೂ ನಿಜ. ಎರಡೂ ಯಾವುದೋ ಒಂದು ಬೇಡಿಕೆಯೇ.

ಸುಪ್ರೀಂ ಕೋರ್ಟು 2012ರ ಜುಲೈನಲ್ಲಿ ಹುಲಿ ಮೀಸಲುಗಳ ಒಳವಲಯದಲ್ಲಿ ಪ್ರವಾಸವನ್ನೇ ತಡೆದಾಗ ಕಬಿನಿಯಲ್ಲಿ ಹಾಹಾಕಾರವೆದ್ದಿತ್ತಂತೆ. ಅಕ್ಟೋಬರಿನಲ್ಲಿ ತಡೆ ತೆರವಾಯಿತು, ಹೊಸ ಮಾರ್ಗಸೂಚಿಯೊಂದಿಗೆ. ಒಳವಲಯದ ಶೇಕಡಾ 20ರಷ್ಟರಲ್ಲಿ ಮಾತ್ರ ಪ್ರವಾಸ, ಅಲ್ಲಿ ಹೊಸ ಕಟ್ಟಡ ಕೂಡದು, ಎಷ್ಟು ವಾಹನ ಬಿಡಬೇಕೆಂಬುದನ್ನು ಧಾರಣಾ ಸಾಮರ್ಥ್ಯದ ಸೂತ್ರದಿಂದ ಲೆಕ್ಕ ಹಾಕಬೇಕು. ಆ ಸೂತ್ರದ ಮೂಲ ಮಿಗೆಲ್ ಸಿಫುಯೆಂಟೆಸ್ ಎಂಬ ತಜ್ಞ 1992ರಲ್ಲಿ ಕೋಸ್ಟರಿಕದಲ್ಲಿ ಪ್ರಕಟಿಸಿದ ವಿಧಾನ. ಮೊದಲು ರಸ್ತೆಯ ಉದ್ದ, ವಾಹನಗಳ ನಡುವೆ ಇರಬೇಕಾದ ಅಂತರ, ದಿನಕ್ಕೆಷ್ಟು ಸುತ್ತು ಎಂದು ಗುಣಿಸಿ ಒಂದು ದೊಡ್ಡ ಸಂಖ್ಯೆ. ಅದರಿಂದ ಮಳೆ, ರಸ್ತೆಯ ಸ್ಥಿತಿ, ಪ್ರಾಣಿಗಳಿಗಾಗುವ ಅಡಚಣೆ ಎಂದು ಒಂದೊಂದನ್ನೇ ಕಳೆಯುತ್ತ ಹೋಗುವುದು. ಕೊನೆಗೆ ಎಷ್ಟು ಸಿಬ್ಬಂದಿ ಇದ್ದಾರೆ ಎಂದು ನೋಡಿ ಇನ್ನೂ ಇಳಿಸುವುದು. ಒಳ್ಳೆಯ ಸೂತ್ರ. ಬೇಡಿಕೆ ಎಷ್ಟೇ ಇರಲಿ, ಕಾಡು ಇಷ್ಟನ್ನು ಮಾತ್ರ ತಡೆದೀತು ಎನ್ನುವ ಮಿತಿಯಾದರೂ ಬಂತು. ಆದರೆ ಅದರ ಮೊದಲ ಗುಣಾಕಾರದಲ್ಲೇ ಕಾಡಿಗೆ ಬರುವವರೆಂದರೆ ವಾಹನದಲ್ಲಿ ಬರುವವರು. ನಡೆದು ಬರುವವರಿಗೆ ಅದರಲ್ಲಿ ಅಕ್ಷರವಿಲ್ಲ.

ಕಳೆದ ಮಳೆಗಾಲದಲ್ಲಿ ಹೋಟೆಲಿಂಗರ ಬಗ್ಗೆ ಟಿಪ್ಪಣಿ ಬರೆಯುತ್ತಿದ್ದಾಗ 113ನೆಯ ಫಾರಂ ತೆಗೆದು ಮುಂದಿಟ್ಟುಕೊಂಡೆ. ಅವರದೇ ತರ್ಕವನ್ನು ಹಿಡಿದು ಹೊರಟರೆ, ಹತ್ತಿರ ಇದ್ದಷ್ಟೂ ಮನುಷ್ಯನಿಗೆ ಸಿಗುವ ಲಾಭ ಹೆಚ್ಚು. ಹಾಗಾದರೆ ಎಲ್ಲರಿಗಿಂತ ಹೆಚ್ಚಿನ ಲಾಭ ಒಳಗೇ ಇದ್ದವರದು, ಅವರ ಪ್ರಯಾಣದ ಖರ್ಚು ಸೊನ್ನೆ. ಆದರೆ ಪ್ರಯಾಣವೇ ಮಾಡದವರು ಸಂದರ್ಶಕರಲ್ಲ, ಆದ್ದರಿಂದ ಅವರು ಗೆರೆಯ ಮೇಲೆ ಎಲ್ಲೂ ಇಲ್ಲ. ಅಜ್ಜ ಹಾಡಿಯಲ್ಲಿದ್ದಷ್ಟು ಕಾಲ ಯಾವ ಸಮೀಕ್ಷೆಯೂ ಅವರಿಗೆ ಆ ಕಾಡು ಎಷ್ಟು ಬೆಲೆಯದ್ದೆಂದು ಅಳೆಯಲಾಗುತ್ತಿರಲಿಲ್ಲ. ಅವರನ್ನು ಎರಡು ಬಸ್ಸಿನಷ್ಟು ದೂರ 'ಸ್ಥಳಾಂತರ' ಮಾಡಿದ ಮೇಲೆ ಅವರಿಗೂ ಒಂದು ಪ್ರಯಾಣ ವೆಚ್ಚ ಹುಟ್ಟಿತು. ಈಗ ಅವರು ಸೂತ್ರಕ್ಕೆ ಸರಿಯಾಗಿ ಹೊಂದುತ್ತಾರೆ. ವಲಯ ಇದೆ, ಖರ್ಚು ಇದೆ, ಕಳೆದುಕೊಂಡ ದಿನದ ಕೂಲಿ ಇದೆ, ವರ್ಷಕ್ಕೊಂದು ಭೇಟಿ ಇದೆ. ಲೆಕ್ಕ ಹಾಕಿದೆ. ಅವತ್ತಿನ ಅವರ ಖರ್ಚು ಅವರ ಎರಡು ದಿನದ ಕೂಲಿಗೆ ಹತ್ತಿರ ಬರುತ್ತದೆ. ಅಂದು ಕಾರಿನಲ್ಲಿ ಬಂದವರ ಕೆಲವು ಫಾರಂಗಳ ಅಂಕಿಗಳನ್ನು ನನ್ನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ. ತಮ್ಮ ಗಳಿಕೆಗೆ ಹೋಲಿಸಿದರೆ ಅಷ್ಟು ದೊಡ್ಡ ಪಾಲು ಖರ್ಚು ಮಾಡಿ ಬಂದವರು ಅವರಲ್ಲಿ ಕಡಿಮೆ.

ಫಾರಂನ ಮೂರನೆಯ ಪುಟದಲ್ಲಿ ಮಡಿಕೆ ಬಿದ್ದು ಶಾಯಿ ಮಾಸಿದೆ. ಕೊನೆಯ ಪುಟ ಚೆನ್ನಾಗಿದೆ. ಅಲ್ಲಿ ಕೊನೆಯ ಪ್ರಶ್ನೆಗೆ ಎರಡು ಚೌಕಗಳಿವೆ, 'ಹೌದು' ಮತ್ತು 'ಇಲ್ಲ'. ಎರಡೂ ಖಾಲಿ. ಪ್ರವೇಶ ಶುಲ್ಕ ಹೆಚ್ಚಾದರೂ ಬರುತ್ತೀರಾ ಅಜ್ಜ ಎಂದು ನಾನು ಓದಿ ಹೇಳಿದಾಗ ಅವರು ಚೀಲವನ್ನು ತೊಡೆಯ ಮೇಲಕ್ಕೆ ಎಳೆದುಕೊಂಡು ನನ್ನನ್ನೇ ಕೇಳಿದ್ದರು. ಏನು ಮಾಡುವುದೆಂದು ತೋಚದೆ, ಆ ಚೌಕಗಳ ಪಕ್ಕದ ಖಾಲಿ ಜಾಗದಲ್ಲಿ ಅವರ ಮಾತನ್ನೇ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದೇನೆ: 'ಎಷ್ಟ್ ಮಾಡ್ತಾರಂತವ್ವಾ?'